ಮಳೆಗಾಲದ ಬಿಡುವಿನಲ್ಲಿ ಬೋಟಿನ ಎಂಜಿನ್ ರಕ್ಷಣೆ

ಕರಾವಳಿಯ ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಈಗ ಜಾರಿಯಲ್ಲಿರುವ ಕ್ರಮದಂತೆ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ರಾಜ್ಯದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. 10 ಅಶ್ವಶಕ್ತಿಗಿಂತ ಹೆಚ್ಚಿನ ಎಂಜಿನ್ ಅಳವಡಿಸಿದ ದೋಣಿಗಳಿಗೂ ಈ ನಿಷೇಧ ಅನ್ವಯಿಸುತ್ತದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಭಟ್ಕಳ, ಹೊನ್ನಾವರ, ತದಡಿ, ಕಾರವಾರಗಳ ಬಂದರುಗಳಲ್ಲಿಯೂ ನದಿದಂಡೆಯ ಸಣ್ಣ ತಂಗುದಾಣಗಳಲ್ಲಿಯೂ ಬೋಟುಗಳು ಒತ್ತೊತ್ತಾಗಿ ನಿಲ್ಲುತ್ತವೆ. ಕೆಲವನ್ನು ದಡಕ್ಕೆ ಎಳೆಯುತ್ತಾರೆ. ಹಲವು ನೀರಿನಲ್ಲಿಯೇ ಉಳಿಯುತ್ತವೆ. ಬಲೆ ಹೆಣೆಯುವುದು, ಬಣ್ಣ ಬಳಿಯುವುದು, ಮರದ ಸಂದು ತುಂಬುವುದು ಈ ಅವಧಿಯಲ್ಲಿ ತಪ್ಪದೆ ನಡೆಯುವ ಕೆಲಸಗಳು. ಕಣ್ಣಿಗೆ ಕಾಣದ ಎಂಜಿನ್ ಮಾತ್ರ ಅನೇಕ ಕಡೆ ಜುಲೈ ಕೊನೆಯ ವಾರದವರೆಗೆ ಯಾರ ನೆನಪಿಗೂ ಬರುವುದಿಲ್ಲ.

ಇದರ ಫಲ ಆಗಸ್ಟ್ ಮೊದಲ ದಿನಗಳಲ್ಲಿ ತಿಳಿಯುತ್ತದೆ. ಆಗ ನೈರುತ್ಯ ಮಾರುತ ಇನ್ನೂ ಇಳಿದಿರುವುದಿಲ್ಲ. ಅಳಿವೆಯಲ್ಲಿ ಹೊಳೆಯ ಇಳಿಹರಿವಿಗೆ ಕಡಲಿನ ಅಲೆ ಎದುರಾಗಿ ಮುರಿಯುತ್ತಿರುತ್ತದೆ. ಅಲ್ಲಿ ಎರಡು ನಿಮಿಷ ಎಂಜಿನ್ ನಿಂತರೆ ಬೋಟು ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟನ್ನು ಅಲೆ ಮಗುಚುತ್ತದೆ. ಎಂಜಿನ್ ಅಲ್ಲಿಯೇ ನಿಲ್ಲುವುದು ಆಕಸ್ಮಿಕವೂ ಅಲ್ಲ. ಎರಡು ತಿಂಗಳು ಅಲುಗಾಡದೆ ಟ್ಯಾಂಕಿನ ತಳದಲ್ಲಿ ಕುಳಿತಿದ್ದ ನೀರು ಮತ್ತು ಕೆಸರು ಮೊದಲ ದೊಡ್ಡ ಅಲೆಯ ಹೊಡೆತಕ್ಕೆ ಕಲಕಿ ಫಿಲ್ಟರನ್ನು ಕಟ್ಟಿಬಿಡುತ್ತವೆ. ದಕ್ಕೆಯಲ್ಲಿ ಚೆನ್ನಾಗಿ ಓಡಿದ ಎಂಜಿನ್ ಅಳಿವೆಯಲ್ಲಿ ಸಾಯುವುದರ ಗುಟ್ಟು ಅನೇಕ ಬಾರಿ ಇಷ್ಟೇ.

ಬೋಟು ಖಾಸಗಿ ಸ್ವತ್ತು, ಅದರ ಎಂಜಿನ್ ಮಾಲೀಕನ ಚಿಂತೆ ಎಂದು ಸದಸ್ಯರಿಗೆ ಅನ್ನಿಸಬಹುದು. ಆದರೆ ಸಂವಿಧಾನದ ಹನ್ನೊಂದನೆಯ ಅನುಸೂಚಿಯಲ್ಲಿ ಪಂಚಾಯಿತಿಗಳಿಗೆಂದು ಗುರುತಿಸಿರುವ 29 ವಿಷಯಗಳಲ್ಲಿ ಮೀನುಗಾರಿಕೆ ಐದನೆಯದು. ಕುಡಿಯುವ ನೀರು ಮತ್ತು ನೈರ್ಮಲ್ಯವೂ ಅದೇ ಅನುಸೂಚಿಯಲ್ಲಿವೆ. ಎಂಜಿನ್ ಬಿಡುವಿನ ಕೆಲಸದಲ್ಲಿ ಹೊರಬರುವ ಸುಟ್ಟ ಎಣ್ಣೆ, ಬೋಟಿನಲ್ಲಿ ನಿಲ್ಲುವ ಮಳೆನೀರು, ಅದರಲ್ಲಿ ಹುಟ್ಟುವ ಸೊಳ್ಳೆ, ಎಂಜಿನ್ ತೊಳೆಯಲು ಬೇಕಾಗುವ ಸಿಹಿನೀರು ಇವೆಲ್ಲವೂ ಪಂಚಾಯಿತಿಯ ಬಾಗಿಲಿಗೆ ಬರುವ ವಿಷಯಗಳೇ. ವಿಷಯ ತಿಳಿದ ಸದಸ್ಯನ ಮಾತಿಗೆ ದಕ್ಕೆಯಲ್ಲಿ ಬೆಲೆಯುಂಟು.

ಹಿಮದ ನಾಡಿನ ಕ್ರಮ, ಮಳೆಯ ನಾಡಿನ ಅಗತ್ಯ

ಯುರೋಪ್ ಹಾಗೂ ಉತ್ತರ ಅಮೆರಿಕದ ತಣ್ಣನೆಯ ಭಾಗಗಳಲ್ಲಿ ವಿಹಾರದ ಹಾಯಿದೋಣಿಗಳಲ್ಲಿಯೂ ಒಂದು ಚಿಕ್ಕ ಡೀಸೆಲ್ ಎಂಜಿನ್ ಇರುತ್ತದೆ. ಗಾಳಿ ಇಲ್ಲದಾಗ, ಬಂದರು ಪ್ರವೇಶಿಸುವಾಗ ಅದನ್ನು ಬಳಸುತ್ತಾರೆ. ಚಳಿಗಾಲಕ್ಕೆ ಮುನ್ನ ಆ ದೋಣಿಗಳನ್ನು ದಡಕ್ಕೇರಿಸಿ, ಎಂಜಿನ್ನನ್ನು ವಿಧಿಪೂರ್ವಕವಾಗಿ ಮಲಗಿಸುವುದು ಅಲ್ಲಿನ ರೂಢಿ. ಕಾರಣ ಸರಳ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು ಶೇಕಡ 9ರಷ್ಟು ಹಿಗ್ಗುತ್ತದೆ. ಎಂಜಿನ್ನಿನೊಳಗೆ ಉಳಿದ ನೀರು ಒಂದೇ ರಾತ್ರಿಯಲ್ಲಿ ಎರಕದ ಕಬ್ಬಿಣದ ಬ್ಲಾಕನ್ನು ಸೀಳಬಲ್ಲದು. ಆದ್ದರಿಂದ ಅಲ್ಲಿ ಈ ಕೆಲಸವನ್ನು ಯಾರೂ ಮುಂದೂಡುವುದಿಲ್ಲ.

ಎಂಜಿನ್ ತಯಾರಕರ ಕೈಪಿಡಿಗಳಲ್ಲಿ ಈ ಕ್ರಮವನ್ನು ಸಾಮಾನ್ಯವಾಗಿ ಚಳಿಗಾಲದ ಸಂಗ್ರಹಣೆ ಅಥವಾ ದೀರ್ಘಕಾಲದ ಸಂಗ್ರಹಣೆ ಎಂಬ ಅಧ್ಯಾಯದಲ್ಲಿ ವಿವರಿಸಿರುತ್ತಾರೆ. ನಮ್ಮ ಕರಾವಳಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಆದುದರಿಂದ ಆ ಅಧ್ಯಾಯ ನಮಗಲ್ಲ ಎಂದು ಪುಟ ಮಗುಚುವುದೇ ಹೆಚ್ಚು. ಇದು ತಪ್ಪು ತಿಳಿವಳಿಕೆ. ಅಲ್ಲಿ ಹಿಮ ಒಂದು ರಾತ್ರಿಯಲ್ಲಿ ಮಾಡುವ ಹಾನಿಯನ್ನು ಇಲ್ಲಿ ಉಪ್ಪು ಮತ್ತು ತೇವ ಸೇರಿ 61 ದಿನಗಳಲ್ಲಿ ಮಾಡುತ್ತವೆ. ಆ ಹಾನಿ ಸದ್ದಿಲ್ಲದೆ ಆಗುವುದರಿಂದ ಅದರ ಅರಿವಾಗುವುದು ತಡವಾಗಿ.

ಆಷಾಢದಲ್ಲಿ ಅಡುಗೆಮನೆಯ ಉಪ್ಪಿನ ಭರಣಿಯಲ್ಲಿ ಉಪ್ಪು ನೀರೊಡೆಯುವುದನ್ನು ಎಲ್ಲ ಮನೆಯವರೂ ಬಲ್ಲರು. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 75 ದಾಟಿದರೆ ಅಡುಗೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಜೂನ್ ಮತ್ತು ಜುಲೈಗಳಲ್ಲಿ ಕರಾವಳಿಯ ಗಾಳಿ ಬಹುತೇಕ ಆ ಮಟ್ಟದ ಮೇಲೆಯೇ ಇರುತ್ತದೆ. ಒಂದು ಲೀಟರ್ ಕಡಲನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ಹತ್ತು ತಿಂಗಳು ಕಡಲನೀರನ್ನು ಕುಡಿದು ತಣ್ಣಗಾದ ಎಂಜಿನ್ನಿನ ನಾಳಗಳ ಒಳಗೋಡೆಯಲ್ಲಿ ಉಪ್ಪಿನ ಪದರ ಕಟ್ಟಿರುತ್ತದೆ. ನೀರನ್ನು ಬರಿದು ಮಾಡಿದರೂ ಆ ಪದರ ಮಳೆಗಾಲವಿಡೀ ಒಣಗುವುದೇ ಇಲ್ಲ. ಸದಾ ಒದ್ದೆಯಾಗಿದ್ದು ಲೋಹವನ್ನು ತಿನ್ನುತ್ತಿರುತ್ತದೆ. ಓಡುತ್ತಿರುವ ಎಂಜಿನ್ನಿಗಿಂತ ನಿಂತ ಎಂಜಿನ್ ಬೇಗ ಕೆಡುವುದು ಹೀಗೆ.

ಕೆಲಸದ ಕ್ರಮ

ಮೊದಲ ನಿಯಮ ದಿನಕ್ಕೆ ಸಂಬಂಧಿಸಿದ್ದು. ಈ ಕೆಲಸ ನಡೆಯಬೇಕಾದುದು ಬೋಟು ನಿಂತ ವಾರದಲ್ಲಿ, ಹೊರಡುವ ವಾರದಲ್ಲಲ್ಲ. ಆಗಸ್ಟ್ 1ಕ್ಕೆ ಮುನ್ನ ಎಲ್ಲರೂ ಒಮ್ಮೆಗೆ ಮೆಕ್ಯಾನಿಕ್‌ನನ್ನು ಹುಡುಕುವುದರಿಂದ ಒಬ್ಬ ಮೆಕ್ಯಾನಿಕ್ ಹತ್ತು ಬೋಟಿಗೆ ಓಡಬೇಕಾಗುತ್ತದೆ. ಯಾವ ಕೆಲಸವೂ ಪೂರ್ತಿಯಾಗುವುದಿಲ್ಲ. ಜೂನ್ ಮೊದಲ ವಾರದಲ್ಲಿ ಅದೇ ಮೆಕ್ಯಾನಿಕ್‌ಗೆ ಬಿಡುವಿರುತ್ತದೆ.

ಎಂಜಿನ್ ಎಣ್ಣೆಯಿಂದ ಆರಂಭಿಸುವುದು ಉತ್ತಮ. ಬಳಸಿದ ಎಣ್ಣೆಯಲ್ಲಿ ಮಸಿ, ನೀರಿನ ಅಂಶ ಹಾಗೂ ಇಂಧನ ಉರಿದಾಗ ಹುಟ್ಟಿದ ಆಮ್ಲಗಳು ಸೇರಿರುತ್ತವೆ. 2020ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾಗುವ ಡೀಸೆಲ್‌ನಲ್ಲಿ ಗಂಧಕದ ಪ್ರಮಾಣ ಹತ್ತು ಲಕ್ಷ ಭಾಗಕ್ಕೆ 10 ಭಾಗಕ್ಕೆ ಇಳಿದಿರುವುದರಿಂದ ಆಮ್ಲದ ಬಾಧೆ ಹಿಂದಿಗಿಂತ ಕಡಿಮೆಯಾಗಿದೆ, ಇಲ್ಲವಾಗಿಲ್ಲ. ಹಳೆಯ ಎಣ್ಣೆಯಲ್ಲಿಯೇ ಎಂಜಿನ್ ಮಲಗಿದರೆ ಬೇರಿಂಗುಗಳು ಎರಡು ತಿಂಗಳು ಆ ಆಮ್ಲದಲ್ಲಿ ನೆನೆಯುತ್ತವೆ. ಹೇಗೂ ಹೊರಡುವಾಗ ಹೊಸ ಎಣ್ಣೆ ಹಾಕಬೇಕಲ್ಲವೇ, ಈಗೇಕೆ ಎಂಬ ವಾದ ಉಳಿತಾಯದಂತೆ ಕಂಡರೂ ಅದು ಲೆಕ್ಕದಲ್ಲಿ ಸೋಲುವ ವಾದ: ಈಗ ಹಾಕಿದ ಹೊಸ ಎಣ್ಣೆ ಓಡದೆ ನಿಂತಿರುವುದರಿಂದ ಆಗಸ್ಟ್‌ನಲ್ಲಿಯೂ ಹೊಸದೇ ಆಗಿರುತ್ತದೆ. ಎಂಜಿನ್ನನ್ನು ಓಡಿಸಿ ಬಿಸಿ ಮಾಡಿ, ನಿಲ್ಲಿಸಿ, ಎಣ್ಣೆ ತೆಳುವಾಗಿರುವಾಗಲೇ ತೆಗೆಯಬೇಕು. ಫಿಲ್ಟರನ್ನೂ ಬದಲಿಸಿ, ಹೊಸ ಎಣ್ಣೆ ತುಂಬಿ, ಅದು ಎಲ್ಲೆಡೆ ಹರಡುವಂತೆ ಕೆಲವು ನಿಮಿಷ ಓಡಿಸಬೇಕು. ಗೇರ್ ಬಾಕ್ಸ್‌ನ ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ತೊಟ್ಟಿಕ್ಕಿಸಿ ನೋಡಬೇಕು. ಅದು ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಎಲ್ಲಿಂದಲೋ ನೀರು ಸೇರಿದೆ ಎಂದು ಅರ್ಥ. ಎಣ್ಣೆ ಬದಲಿಸಿದರೆ ಸಾಲದು, ನೀರು ಸೇರುವ ದಾರಿಯನ್ನು ಹುಡುಕಲೇಬೇಕು.

ಮುಂದಿನದು ಕಡಲನೀರಿನ ದಾರಿ. ಈ ಭಾಗವನ್ನು ಸದಸ್ಯರು ಗಮನವಿಟ್ಟು ಓದಬೇಕು. ಪಂಚಾಯಿತಿಯ ನೀರಿನ ನಲ್ಲಿ ಇಲ್ಲಿಯೇ ಉಪಯೋಗಕ್ಕೆ ಬರುವುದು. ಕೆಲವು ಎಂಜಿನ್‌ಗಳಲ್ಲಿ ಕಡಲನೀರೇ ನೇರವಾಗಿ ಎಂಜಿನ್ನಿನ ಒಡಲಲ್ಲಿ ಹರಿದು ಅದನ್ನು ತಣಿಸುತ್ತದೆ. ಇನ್ನು ಕೆಲವರಲ್ಲಿ ಎರಡು ದಾರಿಗಳಿವೆ: ಎಂಜಿನ್ನಿನೊಳಗೆ ಕೂಲಂಟ್ ಬೆರೆಸಿದ ಸಿಹಿನೀರು ಸುತ್ತುತ್ತದೆ, ಆ ಸಿಹಿನೀರನ್ನು ಕೂಲರ್ ಎಂಬ ಡಬ್ಬಿಯಲ್ಲಿ ಕಡಲನೀರು ತಣಿಸುತ್ತದೆ. ಯಾವ ಬಗೆಯೇ ಆಗಲಿ, ಕಡಲನೀರು ಹರಿದ ದಾರಿಯನ್ನು ಸಿಹಿನೀರಿನಿಂದ ತೊಳೆಯಬೇಕು. ಕಡಲನೀರು ಒಳಬರುವ ವಾಲ್ವನ್ನು ಮುಚ್ಚಿ, ಪಂಪಿಗೆ ನೀರು ತರುವ ಹೋಸನ್ನು ಕಳಚಿ, ಅದರ ತುದಿಯನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಇಳಿಬಿಡಬೇಕು. ಎಂಜಿನ್ನನ್ನು ನಿಧಾನಗತಿಯಲ್ಲಿ ಹತ್ತು ಹದಿನೈದು ನಿಮಿಷ ಓಡಿಸಬೇಕು. ಅಷ್ಟು ಹೊತ್ತೂ ಡ್ರಮ್ಮಿಗೆ ನೀರು ಬೀಳುತ್ತಿರಬೇಕು, ಡ್ರಮ್ ಬರಿದಾಗಬಾರದು. ನಲ್ಲಿಯ ಪೈಪನ್ನು ನೇರವಾಗಿ ಎಂಜಿನ್ನಿಗೆ ಸಿಕ್ಕಿಸುವ ಸುಲಭೋಪಾಯವನ್ನು ಯಾರೂ ಮಾಡಬಾರದು. ಹೊಗೆಕೊಳವೆಗೆ ತಣಿಸುವ ನೀರು ಸೇರುವ ಬಗೆಯ ಎಂಜಿನ್‌ಗಳಲ್ಲಿ, ಎಂಜಿನ್ ನಿಂತಿರುವಾಗಲೂ ನಲ್ಲಿಯ ಒತ್ತಡದಿಂದ ನೀರು ಒಳನುಗ್ಗಿ ಸಿಲಿಂಡರಿನವರೆಗೆ ತಲುಪಬಲ್ಲದು.

ತೊಳೆದ ಮೇಲೆ ಎಂಜಿನ್ ನಿಲ್ಲಿಸಿ, ತಳದ ತಿರುಪುಗಳನ್ನು ಬಿಚ್ಚಿ ನೀರನ್ನು ಪೂರ್ತಿ ಹೊರಬಿಡಬೇಕು. ತಿರುಪು ಬಿಚ್ಚಿದರೂ ನೀರು ಬಾರದಿದ್ದರೆ ಒಳಗೆ ನೀರಿಲ್ಲವೆಂದು ತಿಳಿಯಬಾರದು. ಕಿಂಡಿ ತುಕ್ಕಿನಿಂದ ಕಟ್ಟಿರುವ ಸಂಭವವೇ ಹೆಚ್ಚು. ತಂತಿಯಿಂದ ಮೆಲ್ಲನೆ ಬಿಡಿಸಬೇಕು. ಪಂಪಿನೊಳಗಿನ ರಬ್ಬರ್ ಇಂಪೆಲ್ಲರನ್ನು ಹೊರತೆಗೆಯಬೇಕು. ಅದರ ಎಸಳುಗಳು ಎರಡು ತಿಂಗಳು ಒಂದೇ ಕಡೆ ಬಾಗಿ ನಿಂತರೆ ಮತ್ತೆ ನೆಟ್ಟಗಾಗುವುದಿಲ್ಲ, ಬಿರುಕೂ ಬಿಡುತ್ತವೆ. ಕೂಲರಿನಲ್ಲಿ ಸೀಸದಕಡ್ಡಿಯ ಆಕಾರದ ಸತುವಿನ ತುಂಡೊಂದು ಇರುತ್ತದೆ. ಕಡಲನೀರಿನಲ್ಲಿ ಬೇರೆ ಬೇರೆ ಲೋಹಗಳು ಜೊತೆಗಿದ್ದಾಗ ಸವೆಯುವ ಸರದಿ ಮೊದಲು ಸತುವಿನದು. ಅದು ತಾನು ಸವೆದು ತಾಮ್ರ ಮತ್ತು ಕಬ್ಬಿಣವನ್ನು ಉಳಿಸುತ್ತದೆ. ಅರ್ಧ ಸವೆದಿದ್ದರೆ ಬದಲಿಸತಕ್ಕದ್ದು. ಕೆಲವು ನೂರು ರೂಪಾಯಿಗಳ ಈ ತುಂಡನ್ನು ಮರೆತು ಕೂಲರನ್ನೇ ಕಳೆದುಕೊಳ್ಳುವುದು ದುಬಾರಿಯ ಮರೆವು. ಸತುವಿಗೆ ಬಣ್ಣ ಬಳಿಯಬಾರದು ಎಂಬುದನ್ನೂ ಬಣ್ಣ ಹೊಡೆಯುವ ಹುಡುಗರಿಗೆ ಹೇಳಿರಬೇಕು. ಬಣ್ಣ ಬಳಿದ ಸತು ಕೆಲಸ ಮಾಡುವುದಿಲ್ಲ.

ಒಳಗಿನ ಸಿಹಿನೀರಿನ ದಾರಿಯನ್ನು ಬರಿದು ಮಾಡಬೇಕಿಲ್ಲ. ಅಲ್ಲಿ ಬರಿಯ ಬಾವಿನೀರಿದ್ದರೆ ಅದನ್ನು ತೆಗೆದು, ತಯಾರಕರು ಹೇಳಿದ ಪ್ರಮಾಣದಲ್ಲಿ ಕೂಲಂಟ್ ಬೆರೆಸಿ ತುಂಬಬೇಕು. ಶೀತದೇಶದಲ್ಲಿ ಕೂಲಂಟ್ ನೀರು ಹೆಪ್ಪುಗಟ್ಟದಂತೆ ತಡೆಯಲು. ಇಲ್ಲಿ ಅದರಲ್ಲಿರುವ ತುಕ್ಕುನಿರೋಧಕಕ್ಕಾಗಿ. ಆ ನಿರೋಧಕದ ಶಕ್ತಿ ಕಾಲಕ್ರಮದಲ್ಲಿ ಮುಗಿಯುವುದರಿಂದ ಬಣ್ಣ ಚೆನ್ನಾಗಿದೆ ಎಂಬ ಕಾರಣಕ್ಕೆ ಹಳೆಯದನ್ನು ವರ್ಷಗಟ್ಟಲೆ ಉಳಿಸಬಾರದು.

ಇಂಧನದ ಟ್ಯಾಂಕಿನ ಬಗ್ಗೆ ಕೈಪಿಡಿಯ ಮಾತನ್ನು ಇಲ್ಲಿನ ಪರಿಸ್ಥಿತಿಗೆ ಹೊಂದಿಸಿಕೊಳ್ಳಬೇಕು. ಟ್ಯಾಂಕನ್ನು ಪೂರ್ತಿ ತುಂಬಿಸಿಡಿ ಎಂದು ಕೈಪಿಡಿ ಹೇಳುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವದ ಗಾಳಿ ಸೇರಿ, ರಾತ್ರಿಯ ತಂಪಿಗೆ ಗೋಡೆಯ ಮೇಲೆ ಬೆವರಿ, ಆ ನೀರು ಡೀಸೆಲ್‌ನ ಕೆಳಗೆ ಇಳಿದು ನಿಲ್ಲುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆ ಕಟ್ಟುತ್ತದೆ. ಹಾಯಿದೋಣಿಯ ಚಿಕ್ಕ ಟ್ಯಾಂಕನ್ನು ತುಂಬಿಸಿಡುವುದು ಕಷ್ಟವಲ್ಲ. ದಿನಗಟ್ಟಲೆ ಕಡಲಿನಲ್ಲಿರುವ ಟ್ರಾಲ್ ಬೋಟಿನ ಟ್ಯಾಂಕುಗಳಿಗೆ ಸಾವಿರಾರು ಲೀಟರ್ ಹಿಡಿಯುತ್ತದೆ. ಅಷ್ಟು ಹಣವನ್ನು ಎರಡು ತಿಂಗಳು ಹೂಡಿಡುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಕಾವಲಿಲ್ಲದ ಬೋಟುಗಳು ಒತ್ತಾಗಿ ನಿಂತಿರುವಲ್ಲಿ ಅಷ್ಟು ಇಂಧನವಿರುವುದು ಬೆಂಕಿಯ ದೃಷ್ಟಿಯಿಂದಲೂ ಒಳ್ಳೆಯದಲ್ಲ. ಅಂಥವರು ಅರೆಬರೆ ಉಳಿಸದೆ ಟ್ಯಾಂಕನ್ನು ಪೂರ್ತಿ ಬರಿದು ಮಾಡಿ, ತಳದ ಕೆಸರನ್ನು ತೆಗೆದು, ಒರೆಸಿ, ಬಾಯಿಯನ್ನೂ ಗಾಳಿಕೊಳವೆಯನ್ನೂ ಮಳೆ ಸೇರದಂತೆ ಕಟ್ಟಿಡಬೇಕು. ಟ್ಯಾಂಕಿನೊಳಗೆ ಆಳು ಇಳಿಯುವುದಾದರೆ ಮುಚ್ಚಳ ತೆರೆದು ಸಾಕಷ್ಟು ಗಾಳಿಯಾಡಿಸಿ, ಮೇಲೊಬ್ಬನನ್ನು ಕಾವಲಿಗೆ ನಿಲ್ಲಿಸದೆ ಇಳಿಸಲೇಬಾರದು. ಕುಡಿದದ್ದು ಅರ್ಧ, ಬಿಟ್ಟದ್ದು ಅರ್ಧ ಎಂಬಂಥ ಟ್ಯಾಂಕೇ ಆಗಸ್ಟ್‌ನ ಅಳಿವೆಯಲ್ಲಿ ಎಂಜಿನ್ ನಿಲ್ಲಿಸುವುದು.

ಬ್ಯಾಟರಿಯನ್ನು ಕಳಚಿ ಮನೆಗೆ ಒಯ್ಯುವುದು ಸುರಕ್ಷಿತ. ಸೀಸ ಮತ್ತು ಆಮ್ಲದ ಬ್ಯಾಟರಿ ಬಳಸದೆ ಇಟ್ಟರೂ ತಾನಾಗಿ ಇಳಿಯುತ್ತದೆ. ಇಳಿದ ಸ್ಥಿತಿಯಲ್ಲಿ ಬಿಟ್ಟರೆ ಫಲಕಗಳ ಮೇಲೆ ಗಟ್ಟಿ ಪದರ ಕಟ್ಟಿ ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಪೂರ್ಣ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟ್‌ಗಿಂತ ತುಸು ಮೇಲೆ ತೋರಿಸುತ್ತದೆ. 12.4ಕ್ಕೆ ಇಳಿದಾಗ ಮತ್ತೆ ಚಾರ್ಜ್ ಮಾಡಬೇಕು. ಚಾರ್ಜ್ ಆಗುವಾಗ ಹೊರಡುವ ಅನಿಲ ಉರಿಯುವಂಥದ್ದಾದ್ದರಿಂದ ಮಲಗುವ ಕೋಣೆಯಲ್ಲಿ, ಒಲೆ ಅಥವಾ ದೀಪದ ಬಳಿಯಲ್ಲಿ ಈ ಕೆಲಸ ಸಲ್ಲದು.

ಮಳೆ ಒಳಬರುವ ದಾರಿಗಳು

ಶೀತದೇಶದ ಕೈಪಿಡಿಯಲ್ಲಿ ಚಿಕ್ಕದಾಗಿ ಬರುವ ಒಂದು ಮಾತು ಇಲ್ಲಿ ಬಹು ದೊಡ್ಡದು. ಅನೇಕ ಬೋಟುಗಳಲ್ಲಿ ಹೊಗೆಕೊಳವೆ ಕ್ಯಾಬಿನ್ನಿನ ಮೇಲೆ ನೆಟ್ಟಗೆ ಆಕಾಶಕ್ಕೆ ಬಾಯ್ದೆರೆದು ನಿಂತಿರುತ್ತದೆ. ಎಂಜಿನ್ ಓಡುವಾಗ ಹೊಗೆಯ ರಭಸ ಮಳೆಯನ್ನು ತಡೆಯುತ್ತದೆ. ಎಂಜಿನ್ ನಿಂತ ಮೇಲೆ ಆ ಕೊಳವೆ ಮಳೆನೀರಿನ ಆಲಿಕೆಯಾಗುತ್ತದೆ. ನೀರು ಇಳಿದು, ಯಾವ ಸಿಲಿಂಡರಿನ ಹೊಗೆವಾಲ್ವ್ ತೆರೆದು ನಿಂತಿದೆಯೋ ಅದರೊಳಗೆ ಸೇರುತ್ತದೆ. ನೀರನ್ನು ಹಿಸುಕಿ ಕುಗ್ಗಿಸಲಾಗದು. ಹಾಗೆ ನೀರು ತುಂಬಿದ ಎಂಜಿನ್ನನ್ನು ಸ್ಟಾರ್ಟ್ ಮಾಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಕೊಳವೆಯ ಬಾಯಿಗೆ ಒಂದು ಹಳೆಯ ಡಬ್ಬಿಯನ್ನು ಕವುಚಿ, ದಪ್ಪ ಪ್ಲಾಸ್ಟಿಕ್ ಹಾಳೆಯಿಂದ ಬಿಗಿದರೆ ಈ ಅಪಾಯ ತಪ್ಪುತ್ತದೆ. ಅದರ ವೆಚ್ಚ ಶೂನ್ಯ. ಗಾಳಿ ಎಳೆಯುವ ಬಾಯಿಯನ್ನೂ ಹೀಗೆಯೇ ಮುಚ್ಚಬೇಕು. ಮುಚ್ಚಿದ, ಕಳಚಿದ, ಬಿಗಿದ ಪ್ರತಿಯೊಂದನ್ನೂ ಒಂದು ಹಲಗೆಯ ಮೇಲೆ ಬರೆದು ಸ್ಟಾರ್ಟರ್ ಕೀಲಿಯ ಜೊತೆಗೇ ಕಟ್ಟಿಡುವುದು ಜಾಣತನ. ಜೂನ್‌ನಲ್ಲಿ ಮುಚ್ಚಿದವನೇ ಆಗಸ್ಟ್‌ನಲ್ಲಿ ಸ್ಟಾರ್ಟ್ ಮಾಡುವನೆಂಬ ಭರವಸೆಯಿಲ್ಲ.

ಡೆಕ್ಕಿನ ಲೆಕ್ಕವನ್ನೂ ನೋಡೋಣ. ಹತ್ತು ಮೀಟರ್ ಉದ್ದ, ಮೂರು ಮೀಟರ್ ಅಗಲದ ಡೆಕ್ಕೆಂದರೆ 30 ಚದರ ಮೀಟರ್. ಒಂದು ದಿನ 100 ಮಿಲಿಮೀಟರ್ ಮಳೆಯಾದರೆ ಅದರ ಮೇಲೆ ಬೀಳುವ ನೀರು 3,000 ಲೀಟರ್, ಅಂದರೆ ಮೂರು ಟನ್. ಕರಾವಳಿಯಲ್ಲಿ ಜುಲೈ ತಿಂಗಳಲ್ಲಿ ಇಂಥ ದಿನ ಅಪರೂಪವಲ್ಲ. ನೀರು ಹೊರಹೋಗುವ ಕಿಂಡಿಗಳಲ್ಲಿ ಬಲೆಯ ಚೂರು, ಎಲೆ, ಮೀನಿನ ಪೊರೆ ಸಿಕ್ಕಿಕೊಂಡಿದ್ದರೆ ಆ ಮೂರು ಟನ್ ಬೋಟಿನ ಹೊಟ್ಟೆಗೆ ಇಳಿಯುತ್ತದೆ. ಎಂಜಿನ್ ಇರುವುದು ಅಲ್ಲಿಯೇ, ಅತ್ಯಂತ ಕೆಳಗೆ. ಲಂಗರು ಹಾಕಿದ ಬೋಟು ಯಾವ ಅಲೆಯೂ ಇಲ್ಲದೆ ಮುಳುಗುವುದುಂಟು. ನೀರಿನಲ್ಲಿರುವ ಬೋಟಿನ ಎಲ್ಲ ವಾಲ್ವುಗಳನ್ನೂ ಮುಚ್ಚಿ, ಶಾಫ್ಟಿನ ಗ್ಲ್ಯಾಂಡನ್ನು ತೊಟ್ಟಿಕ್ಕದಷ್ಟು ಬಿಗಿದು, ಎರಡು ದಿನಕ್ಕೊಮ್ಮೆಯಾದರೂ ಯಾರಾದರೂ ಹೋಗಿ ನೀರೆತ್ತಬೇಕು. ದಡದಲ್ಲಿರುವ ಬೋಟನ್ನು ನೀರು ತಾನಾಗಿ ಹರಿದುಹೋಗುವಂತೆ ತುಸು ಓರೆಯಾಗಿ ನಿಲ್ಲಿಸಿ, ತಳದ ಬಿರಡೆ ತೆಗೆದಿಡಬೇಕು.

ವಾರಕ್ಕೊಮ್ಮೆ ಐದು ನಿಮಿಷ ಓಡಿಸುವ ಪದ್ಧತಿ

ಬೋಟು ನೀರಿನಲ್ಲಿದ್ದರೆ ವಾರಕ್ಕೊಮ್ಮೆ ಹೋಗಿ ಎಂಜಿನ್ನನ್ನು ಐದು ನಿಮಿಷ ಓಡಿಸಿ ಬರುವುದನ್ನು ಅನೇಕರು ಶ್ರದ್ಧೆಯಿಂದ ಮಾಡುತ್ತಾರೆ. ಶ್ರದ್ಧೆ ಮೆಚ್ಚತಕ್ಕದ್ದೇ, ಪದ್ಧತಿ ಮಾತ್ರ ಹಾನಿಕರ. ಒಂದು ಲೀಟರ್ ಡೀಸೆಲ್ ಉರಿದಾಗ ಸರಿಸುಮಾರು ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿದ್ದರೆ ಆ ಆವಿ ಹೊಗೆಯೊಡನೆ ಹೊರಹೋಗುತ್ತದೆ. ಐದು ನಿಮಿಷದಲ್ಲಿ ಎಂಜಿನ್ ಬಿಸಿಯೇರುವುದಿಲ್ಲ. ತಣ್ಣನೆಯ ಗೋಡೆಗಳ ಮೇಲೆ ಆವಿ ನೀರಾಗಿ ಇಳಿದು, ಒಂದಂಶ ಎಣ್ಣೆಗೂ ಸೇರುತ್ತದೆ. ಜೊತೆಗೆ ತೊಳೆದಿಟ್ಟ ದಾರಿಗೆ ಮತ್ತೆ ಉಪ್ಪುನೀರು ಬರುತ್ತದೆ. ಹೀಗೆ ಎಂಟು ವಾರ ಓಡಿಸಿದರೆ ಜೂನ್‌ನ ಕೆಲಸವೆಲ್ಲ ನೀರುಪಾಲು.

ಓಡಿಸುವುದಾದರೆ ಎಂಜಿನ್ ತನ್ನ ಸಹಜ ಬಿಸಿಗೆ ಏರಿ ಅರ್ಧ ಗಂಟೆ ದುಡಿಯುವಂತೆ, ಬೋಟನ್ನು ಬಿಗಿಯಾಗಿ ಕಟ್ಟಿ ಗೇರ್ ಹಾಕಿ ಓಡಿಸಬೇಕು. ಇಲ್ಲವಾದರೆ ಓಡಿಸಲೇಬಾರದು. ಕ್ರಮವಾಗಿ ಮಲಗಿಸಿದ ಎಂಜಿನ್ನಿಗೆ ಹದಿನೈದು ದಿನಕ್ಕೊಮ್ಮೆ ಕೈಯಿಂದ ಒಂದೆರಡು ಸುತ್ತು ತಿರುಗಿಸಿದರೆ ಸಾಕು. ಪಿಸ್ಟನ್ನಿನ ಉಂಗುರಗಳು ಒಂದೇ ಜಾಗದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಹೀಗೆ ತಿರುಗಿಸುವ ಮುನ್ನ ಡೀಸೆಲ್ ಬರುವ ದಾರಿ ಮುಚ್ಚಿದೆಯೇ, ಬ್ಯಾಟರಿ ಕಳಚಿದೆಯೇ ಎಂದು ನೋಡಿಕೊಳ್ಳಬೇಕು.

ಪಂಚಾಯಿತಿಯ ಪಾಲಿನ ಕೆಲಸ

ಮೇಲೆ ಹೇಳಿದ ಎಣ್ಣೆ ಬದಲಾವಣೆಯಿಂದಲೇ ತೊಡಗೋಣ. ಒಂದು ಎಂಜಿನ್ನಿನಿಂದ 20 ಲೀಟರ್ ಸುಟ್ಟ ಎಣ್ಣೆ ಹೊರಬರುವುದೆಂದು ಇಟ್ಟುಕೊಂಡರೆ, 40 ಬೋಟುಗಳು ತಂಗುವ ಒಂದು ಹೊಳೆದಂಡೆಯಲ್ಲಿ ಒಂದೇ ವಾರದಲ್ಲಿ 800 ಲೀಟರ್ ಸೇರುತ್ತದೆ. ಅದನ್ನು ಹೊಳೆಗೆ ಚೆಲ್ಲುವುದು, ಮರಳಿನಲ್ಲಿ ಹೂಳುವುದು, ಬೇಲಿಗೂಟಕ್ಕೂ ಸೆಂಟ್ರಿಂಗ್ ಹಲಗೆಗೂ ಬಳಿಯುವುದು, ಒಲೆಗೆ ಸುರಿಯುವುದು ರೂಢಿಯಲ್ಲಿದೆ. ಕರಾವಳಿಯ ಮರಳುನೆಲದಲ್ಲಿ ಬಾವಿಯ ನೀರು ಕೆಲವೇ ಅಡಿಗಳ ಕೆಳಗಿರುತ್ತದೆ. ಮೇಲೆ ಚೆಲ್ಲಿದ್ದು ಮಳೆಯೊಡನೆ ಅಲ್ಲಿಗೇ ಇಳಿಯುತ್ತದೆ. ಮಳೆಗಾಲದ ಆರಂಭದಲ್ಲಿ ಹೊಳೆಯ ಅಂಚು ಮತ್ತು ಗದ್ದೆಬಯಲು ಮೀನುಮರಿಗಳ ತಾಣವೂ ಹೌದು. ಮೀನಿನ ಸಂತಾನಕ್ಕಾಗಿ ಬೋಟು ನಿಲ್ಲಿಸಿ, ಆ ಸಂತಾನದ ಮೇಲೆಯೇ ಎಣ್ಣೆ ಸುರಿಯುವುದರಲ್ಲಿ ಅರ್ಥವಿಲ್ಲ.

2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಅಡಿಯಲ್ಲಿ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದು ಅಧಿಕೃತ ಮರುಸಂಸ್ಕರಣೆದಾರರಿಗೆ ಮಾತ್ರ ಹೋಗತಕ್ಕದ್ದು. ಇದಕ್ಕೆ ಬೆಲೆಯೂ ಇದೆ. ಆದುದರಿಂದ ಪಂಚಾಯಿತಿ ದಂಡದ ಮಾತಿಗೆ ಮೊದಲು ಡ್ರಮ್ಮಿನ ವ್ಯವಸ್ಥೆ ಮಾಡುವುದು ಒಳಿತು. ಮಾಡಿನ ಕೆಳಗೆ, ನೆರೆ ಏರದ ಜಾಗದಲ್ಲಿ, ಬಾವಿಯಿಂದ ದೂರವಾಗಿ ಮುಚ್ಚಳವುಳ್ಳ ಡ್ರಮ್ಮುಗಳನ್ನು ಇರಿಸಿ, ಮೀನುಗಾರರ ಸಹಕಾರ ಸಂಘ ಅಥವಾ ಬೋಟು ಮಾಲೀಕರ ಸಂಘಕ್ಕೆ ಅದರ ಉಸ್ತುವಾರಿ ವಹಿಸಬಹುದು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಜಿಲ್ಲಾ ಕಚೇರಿಯಿಂದ ಅಧಿಕೃತ ಸಂಗ್ರಾಹಕರ ವಿವರ ಪಡೆಯಬೇಕು. ಡ್ರಮ್ಮಿಗೆ ನೀರು, ಡೀಸೆಲ್, ಕೂಲಂಟ್ ಸೇರಿದರೆ ಎಣ್ಣೆಯ ಬೆಲೆ ಬಿದ್ದುಹೋಗುತ್ತದೆ ಎಂಬುದನ್ನು ಡ್ರಮ್ಮಿನ ಮೇಲೆಯೇ ದೊಡ್ಡದಾಗಿ ಬರೆಸಬೇಕು. ಹಳೆಯ ಕೂಲಂಟಿಗೆ ಬೇರೆ ಪಾತ್ರೆ ಬೇಕು. ಅದರಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಸಿಹಿರುಚಿಯ ವಿಷ. ನೆಲದ ಮೇಲೆ ಚೆಲ್ಲಿದ್ದನ್ನು ನಾಯಿ ಮತ್ತು ದನಗಳು ನೆಕ್ಕುತ್ತವೆ. ತೆರೆದ ಬಕೆಟ್ಟಿನಲ್ಲಿ ಮಕ್ಕಳ ಕೈಗೆ ಸಿಗುವಂತೆ ಅದನ್ನು ಬಿಡಲೇಬಾರದು.

ಸಿಹಿನೀರಿನ ವಿಷಯದಲ್ಲಿ ಸಮಯಪ್ರಜ್ಞೆ ಬೇಕು. ಮೇ ಕೊನೆಯಲ್ಲಿ ಕರಾವಳಿಯ ಎಷ್ಟೋ ವಾರ್ಡುಗಳಲ್ಲಿ ಕುಡಿಯುವ ನೀರಿಗೇ ತತ್ವಾರ. ಆಗ ಎಂಜಿನ್ ತೊಳೆಯಲು ನಲ್ಲಿ ಬಿಡುವುದು ನ್ಯಾಯವಲ್ಲ. ಮಳೆ ಹಿಡಿದ ಒಂದೇ ವಾರದಲ್ಲಿ ಈ ತೊಡಕು ನಿವಾರಣೆಯಾಗುತ್ತದೆ. ಹರಾಜು ಕಟ್ಟೆಯ ಅಥವಾ ಸಂಘದ ಕಟ್ಟಡದ ಮಾಡಿನಿಂದ ಬೀಳುವ ಮಳೆನೀರನ್ನು ಒಂದು ತೊಟ್ಟಿಗೆ ಹಿಡಿದರೆ ಬೋಟು ತೊಳೆಯಲು ಅದಕ್ಕಿಂತ ಉತ್ತಮ ನೀರಿಲ್ಲ. ಇಂಥ ತೊಟ್ಟಿಯನ್ನು ಗ್ರಾಮ ಪಂಚಾಯಿತಿ ಅಭಿವೃದ್ಧಿ ಯೋಜನೆಯಲ್ಲಿ ಸೇರಿಸಲು ಗ್ರಾಮಸಭೆಯಲ್ಲಿ ಪ್ರಸ್ತಾಪಿಸಬಹುದು.

ಸೊಳ್ಳೆಯ ವಿಷಯದಲ್ಲಿ ಹೆಚ್ಚು ಹೇಳಬೇಕಿಲ್ಲ; ಮಲೇರಿಯಾ ಮತ್ತು ಡೆಂಗಿಯ ಅನುಭವ ಕರಾವಳಿಗೆ ಸಾಕಷ್ಟಿದೆ. ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಎಂಟು ಹತ್ತು ದಿನ ಸಾಕು. ಬೋಟಿನ ತಳ, ಮೀನು ತುಂಬುವ ಕೋಣೆ, ಪಕ್ಕಕ್ಕೆ ಕಟ್ಟಿದ ಟಯರು, ಮಗುಚದೆ ಬಿಟ್ಟ ಪ್ಲಾಸ್ಟಿಕ್ ಬುಟ್ಟಿ ಎಲ್ಲವೂ ಮಳೆಯ ಸಿಹಿನೀರು ನಿಲ್ಲುವ ತಾಣಗಳೇ. ಆಶಾ ಕಾರ್ಯಕರ್ತೆಯರು ಮನೆಮನೆಯ ಸಮೀಕ್ಷೆಗೆ ಹೋಗುವಾಗ ಬೋಟುಗಳ ಸಾಲು ಮನೆಯ ಲೆಕ್ಕಕ್ಕೆ ಬಾರದೆ ಉಳಿಯುತ್ತದೆ. ಆ ಸಾಲನ್ನೂ ಒಂದು ಕೇರಿಯೆಂದು ಗಣಿಸಿ, ವಾರಕ್ಕೊಂದು ದಿನ ಮಾಲೀಕರೇ ನೀರು ಚೆಲ್ಲುವಂತೆ ನಿಗದಿಪಡಿಸಬೇಕು.

ಮೇ ಮೂರನೆಯ ವಾರದೊಳಗೆ ಬೋಟು ಮಾಲೀಕರು, ತಾಂಡೇಲರು ಮತ್ತು ಮೆಕ್ಯಾನಿಕ್‌ಗಳ ಒಂದು ಸಭೆಯನ್ನು ಕರೆಯುವುದು ಅನುಕೂಲ. ಮೀನುಗಾರಿಕೆ ಇಲಾಖೆಯ ಅಧಿಕಾರಿಯನ್ನೂ ಆಹ್ವಾನಿಸಬೇಕು. ಸಭೆಯಲ್ಲಿ ಸದಸ್ಯರು ಎಂಜಿನ್ ಬಗ್ಗೆ ಉಪದೇಶ ಮಾಡುವ ಅಗತ್ಯವಿಲ್ಲ. ಮೂವತ್ತು ವರ್ಷ ಕಡಲು ಕಂಡ ತಾಂಡೇಲನಿಗೆ ಅದು ಹಿಡಿಸುವುದೂ ಇಲ್ಲ. ಯಾವ ಬೋಟಿನ ಎಣ್ಣೆ ಯಾವ ದಿನ ಬದಲಾಗುತ್ತದೆ, ಡ್ರಮ್ಮಿನ ಕೀಲಿ ಯಾರಲ್ಲಿರುತ್ತದೆ, ಮಾಲೀಕರು ಊರಲ್ಲಿಲ್ಲದ ಬೋಟಿನ ನೀರನ್ನು ಯಾರು ಎತ್ತುತ್ತಾರೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡರೆ ಸಭೆಯ ಕೆಲಸ ಮುಗಿದಂತೆ.

ಮತ್ತೆ ಹೊರಡುವ ಮುನ್ನ

ಜುಲೈ ಮೂರನೆಯ ವಾರದಲ್ಲಿ ಎಂಜಿನ್ನನ್ನು ಎಬ್ಬಿಸುವ ಕೆಲಸ ಆರಂಭವಾಗಬೇಕು. ಕೀಲಿಯೊಡನೆ ಕಟ್ಟಿದ ಹಲಗೆಯನ್ನು ಓದುತ್ತ ಮುಚ್ಚಿದ್ದನ್ನು ತೆರೆಯಬೇಕು, ಕಳಚಿದ್ದನ್ನು ಸೇರಿಸಬೇಕು. ಇಂಪೆಲ್ಲರ್ ಸೇರಿಸುವುದನ್ನು ಮರೆತು ಸ್ಟಾರ್ಟ್ ಮಾಡಿದರೆ ತಣಿಸುವ ನೀರು ಬಾರದೆ ಎಂಜಿನ್ ಕೆಲವೇ ನಿಮಿಷಗಳಲ್ಲಿ ಕಾದುಹೋಗುತ್ತದೆ. ಎಣ್ಣೆಯ ಅಳತೆಕಡ್ಡಿಯಲ್ಲಿ ಮಟ್ಟ ಏರಿದ್ದರೆ ಒಳಗೆ ನೀರು ಸೇರಿದೆಯೆಂದು ತಿಳಿದು ಅಲ್ಲಿಗೇ ನಿಲ್ಲಿಸಬೇಕು. ಬಳಿಕ ಎಂಜಿನ್ನನ್ನು ಕೈಯಿಂದ ಪೂರ್ತಿ ಎರಡು ಸುತ್ತು ತಿರುಗಿಸಬೇಕು. ಎಲ್ಲಿಯಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕಬಾರದು. ಇಂಜೆಕ್ಟರುಗಳನ್ನು ತೆಗೆದು ಸಿಲಿಂಡರಿನಲ್ಲಿ ನೀರಿದೆಯೇ ಎಂದು ಪರೀಕ್ಷಿಸಬೇಕು. ಟ್ಯಾಂಕಿನ ತಳದಿಂದ ಒಂದು ಗಾಜಿನ ಬಾಟಲಿಗೆ ಡೀಸೆಲ್ ಹಿಡಿದು ಹತ್ತು ನಿಮಿಷ ನಿಲ್ಲಿಸಿದರೆ ನೀರಿದ್ದರೆ ಕೆಳಗೆ ಬೇರೆಯಾಗಿ ಕಾಣುತ್ತದೆ. ನೀರು ಕಾಣದಾಗುವವರೆಗೆ ಬಸಿದು, ಹೊಸ ಫಿಲ್ಟರ್ ಹಾಕಿ, ಕೊಳವೆಗಳಲ್ಲಿ ಸೇರಿದ ಗಾಳಿಯನ್ನು ಹೊರಬಿಡಬೇಕು. ಬೋಟಿನಲ್ಲಿ ಇನ್ನೊಂದು ಜೊತೆ ಫಿಲ್ಟರ್ ಸದಾ ಇರಲಿ.

ಸ್ಟಾರ್ಟ್ ಆದೊಡನೆ ಎಣ್ಣೆಯ ಒತ್ತಡ ಏರಿತೇ, ತಣಿಸುವ ನೀರು ಹೊರಬೀಳುತ್ತಿದೆಯೇ ಎಂಬುದನ್ನು ಮೊದಲು ನೋಡಬೇಕು. ಬಿಗಿದಿಟ್ಟ ಗ್ಲ್ಯಾಂಡನ್ನು ನಿಮಿಷಕ್ಕೆ ಕೆಲವು ತೊಟ್ಟು ನೀರು ಬೀಳುವಷ್ಟು ಸಡಿಲಿಸಬೇಕು. ಒಣಗಿ ತಿರುಗುವ ಶಾಫ್ಟ್ ಬಿಸಿಯೇರಿ ಸವೆಯುತ್ತದೆ. ಬೋಟನ್ನು ದಕ್ಕೆಗೆ ಬಿಗಿದು, ಗೇರ್ ಹಾಕಿ, ಅರ್ಧ ಗಂಟೆ ದುಡಿಸಿ, ನಿಲ್ಲಿಸಿ, ಫಿಲ್ಟರಿನ ಬಟ್ಟಲನ್ನು ಮತ್ತೊಮ್ಮೆ ಬಿಚ್ಚಿ ನೋಡಬೇಕು. ಅದರಲ್ಲಿ ಕೆಸರು ಕಂಡರೆ ಟ್ಯಾಂಕ್ ಇನ್ನೂ ಶುದ್ಧವಾಗಿಲ್ಲ. ಕಾಣದಿದ್ದರೆ ಮರುದಿನ ಬೆಳಕಿರುವಾಗ, ಅಳಿವೆಯ ಒಳಗೆ, ಶಾಂತವಾದ ಹೊಳೆಯಲ್ಲಿ ಒಂದು ಗಂಟೆ ತಿರುಗಿ ಬರಬಹುದು. ಅಳಿವೆ ದಾಟುವುದು ಈ ಪರೀಕ್ಷೆಯಲ್ಲಿ ಎಂಜಿನ್ ಒಮ್ಮೆಯೂ ಕೆಮ್ಮದೆ ಓಡಿದ ಮೇಲೆ.